ಕಾದ ರಸ, ಕೂಡಿಸಿದ ತಂತಿ: ಸಾಂಗ್ಲಿ–ಮಿರಜ್ ಸೀಮೆಯಲ್ಲಿ ಅಳತೆ ಹೊಂದಿಸಿದ ಒಂದು ಚರಿತ್ರೆ

ಧ್ವನಿ ಕೇಳಿಸುತ್ತಿದೆ ಅಂದುಕೊಳ್ಳುತ್ತೇನೆ. ಕೇಳಿಸದಿದ್ದರೆ ಚಾಟ್‌ನಲ್ಲಿ ಬರೆಯಿರಿ. ಕನ್ನಡ ವಿಭಾಗದ ಗೋಷ್ಠಿಯಲ್ಲಿ ಸಾಂಗ್ಲಿಯ ಹೆಸರು ಬಂದರೆ ಮಾತು ಸಾಮಾನ್ಯವಾಗಿ 1843ಕ್ಕೆ ಹೋಗುತ್ತದೆ. ನಮ್ಮ ಕರಾವಳಿಯ ಯಕ್ಷಗಾನ ಮೇಳವೊಂದು ಸಾಂಗ್ಲಿಯಲ್ಲಿ ಆಟವಾಡಿದ್ದು, ಅದರ ಬೆನ್ನಿಗೆ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದದ್ದು ನಮಗೆಲ್ಲ ಪಾಠವಾಗಿರುವ ಸಂಗತಿ. ಇವತ್ತು ಅದನ್ನು ಮುಟ್ಟುವುದಿಲ್ಲ. ನನ್ನ ವಿಷಯ ಟೆಂಪರೇಚರ್ ಟ್ರಾನ್ಸ್‌ಮಿಟರ್. ಕಾರ್ಖಾನೆಯ ಪೈಪಿನ ಮೇಲೆ ಕೂತು, ಒಳಗಿನ ಬಿಸಿ ಎಷ್ಟು ಅಂತ ದೂರದ ಕಂಟ್ರೋಲ್ ರೂಮಿಗೆ ಹೇಳುವ, ಮುಷ್ಟಿ ಗಾತ್ರದ ಒಂದು ಡಬ್ಬಿ.

ಇದು ಕನ್ನಡ ಎಂ.ಎ. ವಿದ್ಯಾರ್ಥಿಗೆ ಸಂಬಂಧಪಟ್ಟದ್ದೇ ಎಂದು ಸಾರಾಂಶ ಓದಿದ ಇಬ್ಬರು ಕೇಳಿದ್ದಾರೆ. ನನ್ನ ಉತ್ತರ: ನನ್ನ ಮುಂದಿರುವುದು ಕನ್ನಡದಲ್ಲಿ ಬರೆದ ಒಂದು ಆಕರ, ಅದನ್ನು ಹೇಗೆ ಓದಬೇಕು ಅನ್ನುವುದು ನನ್ನ ಪ್ರಶ್ನೆ. ಆಕರ ನಮ್ಮ ಅಪ್ಪನ ಜೇಬಿನ ಡೈರಿ. ಮಿರಜ್ ತಾಲೂಕಿನ ಪೂರ್ವ ಭಾಗದ ಊರು ನಮ್ಮದು. ಮನೆಯೊಳಗೆ ಕನ್ನಡ, ಬಸ್‌ಸ್ಟ್ಯಾಂಡಿನಲ್ಲಿ ಮರಾಠಿ. ಅಪ್ಪ ಕೃಷ್ಣಾ ದಂಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ, ಅದರ ಹೆಸರು ಇಲ್ಲಿ ಬೇಡ, ರಸ ಕಾಯಿಸುವ ವಿಭಾಗದಲ್ಲಿದ್ದರು. ಪ್ರತಿ ಪಾಳಿಯಲ್ಲಿ ಗಂಟೆಗೊಮ್ಮೆ ರಸದ ತಾಪಮಾನವನ್ನು ಕಾರ್ಖಾನೆಯ ಲಾಗ್‌ಬುಕ್ಕಿಗೆ ಮರಾಠಿಯಲ್ಲಿ ಬರೆಯಬೇಕು; ತಮ್ಮ ಸಮಾಧಾನಕ್ಕೆ ಅದನ್ನೇ ಡೈರಿಯಲ್ಲಿ ಕನ್ನಡದಲ್ಲೂ ಬರೆದಿಟ್ಟುಕೊಳ್ಳುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗಿನ ಒಂದು ಸೀಸನ್‌ನ ಡೈರಿಯಲ್ಲಿ ಹನ್ನೊಂದು ದಿನ ಸತತವಾಗಿ 74, 75, 75, 76 ಅಂತ ಇದೆ. ಅಂದರೆ ಎಲ್ಲ ಸರಿ. ಅದೇ ಹನ್ನೊಂದು ದಿನಗಳ ಸಕ್ಕರೆ ಬಣ್ಣಗೆಟ್ಟಿತು, ಕಾಕಂಬಿ ಹೆಚ್ಚಾಯಿತು, ಪಾಳಿಯವರು ನಿಗಾ ಇಡಲಿಲ್ಲ ಅಂತ ಅಪ್ಪನನ್ನು ಉಳಿದ ಸೀಸನ್ ಪೂರ್ತಿ ಚೀಲ ಹೊಲಿಯುವ ಗೋದಾಮಿಗೆ ಹಾಕಿದರು. ನಾನು ಓದಬೇಕಾಗಿರುವುದು ಈ 75ನ್ನು.

ಮೊದಲು ರಸದ ಕತೆ. ಹಿಂಡಿದ ಕಬ್ಬಿನ ಹಾಲು ಸ್ವಲ್ಪ ಹುಳಿ ಗುಣದ್ದು. ನಮ್ಮ ಕಡೆಯ ಬಹುಪಾಲು ಕಾರ್ಖಾನೆಗಳಲ್ಲಿ ಅದನ್ನು ಮೊದಲು 70ರಿಂದ 75 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಸುಣ್ಣ ಮತ್ತು ಗಂಧಕದ ಹೊಗೆ ಕೊಟ್ಟು, ಆಮೇಲೆ 102–105ರವರೆಗೆ ಎರಡನೆಯ ಸಲ ಕಾಯಿಸುತ್ತಾರೆ. ಸುಣ್ಣ ಬೀಳುವ ಮುಂಚೆಯೇ, ರಸ ಹುಳಿಯಾಗಿದ್ದಾಗಲೇ ಬಿಸಿ ಜಾಸ್ತಿಯಾದರೆ ಸಕ್ಕರೆಯ ಒಂದಿಷ್ಟು ಪಾಲು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಒಡೆದದ್ದು ಹರಳಾಗುವುದಿಲ್ಲ, ಕಾಕಂಬಿಗೆ ಹೋಗುತ್ತದೆ, ಬಣ್ಣವನ್ನೂ ಕೆಡಿಸುತ್ತದೆ. ಆದ್ದರಿಂದ ಈ ಮೊದಲ ಕಾಯಿಸುವಿಕೆಯ ಅಂಕಿಗೆ ಬೆಲೆ.

ಗಾಣದ ಮನೆಯಲ್ಲಿ ಇಂಥ ಅಂಕಿ ಇರಲಿಲ್ಲ. ಅಲ್ಲಿದ್ದದ್ದು ಹದ. ಹಳಗನ್ನಡದ ‘ಪದ’ವೇ ಪಕಾರ ಹಕಾರವಾಗಿ ‘ಹದ’ವಾದದ್ದು ನಿಮಗೆ ಗೊತ್ತು, ಬೇಯುವಿಕೆಗೂ, ಭೂಮಿಯ ಹಸಿಗೂ, ಕತ್ತಿಯ ಅಲಗಿಗೂ, ಮಾತಿಗೂ ಒಂದೇ ಶಬ್ದ. ಬೆಲ್ಲ ಕಾಯಿಸುವವನು ಕೊಪ್ಪರಿಗೆಯಿಂದ ಒಂದು ಹನಿ ಎತ್ತಿ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಬಟ್ಟಲಿಗೆ ಬಡಿದು ಸದ್ದು ಕೇಳಿ, ಇಳಿಸು ಅನ್ನುತ್ತಾನೆ. ಥರ್ಮಾಮೀಟರ್ ಇಟ್ಟರೆ ಅದು 115–118 ಡಿಗ್ರಿಯ ಆಸುಪಾಸು. ಹದಕ್ಕೆ ಒಂದು ಅನುಕೂಲ ಇದೆ: ನೋಡುವವನೂ ಹೇಳುವವನೂ ಕೊಪ್ಪರಿಗೆಯ ಪಕ್ಕದಲ್ಲೇ ಇರುತ್ತಾನೆ. ಅನಾನುಕೂಲವೂ ಅದೇ. ನೂರು ಮೀಟರ್ ಆಚೆ ಕೂತವನಿಗೆ ಹದವನ್ನು ಕಳಿಸಲು ಬರುವುದಿಲ್ಲ.

ಕಳಿಸುವ ಕೆಲಸಕ್ಕೆ ಬಂದದ್ದು ಟ್ರಾನ್ಸ್‌ಮಿಟರ್. ಅದರ ಒಳಗಿನ ಕತೆ ಹತ್ತೊಂಬತ್ತನೆಯ ಶತಮಾನದ್ದು. ಲೋಹ ಕಾದರೆ ಅದರ ವಿದ್ಯುತ್ ರೋಧ ಹೆಚ್ಚುತ್ತದೆ. 1871ರಲ್ಲಿ ವಿಲಿಯಂ ಸೀಮೆನ್ಸ್ ಪ್ಲಾಟಿನಂ ತಂತಿಯಿಂದ ಹೀಗೆ ಬಿಸಿ ಅಳೆಯಬಹುದೆಂದರು, 1887ರಲ್ಲಿ ಹ್ಯೂ ಕ್ಯಾಲೆಂಡರ್ ಅದನ್ನು ನಂಬಬಹುದಾದ ಸಾಧನ ಮಾಡಿ ತೋರಿಸಿದರು. ಇವತ್ತು ಕಾರ್ಖಾನೆಗಳಲ್ಲಿರುವ ಪಿಟಿ100 ಅದರ ಮೊಮ್ಮಗ. 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.51 ಓಮ್. ಡಿಗ್ರಿಗೆ ಸುಮಾರು 0.385 ಓಮ್ ಅಂತ ಹಿಡಿದರೆ, ಸಂಪರ್ಕದ ತಂತಿಯಲ್ಲೇ 1 ಓಮ್ ಹೆಚ್ಚಿಗೆ ಸೇರಿಕೊಂಡರೆ ಎರಡೂವರೆ ಡಿಗ್ರಿಯಷ್ಟು ಸುಳ್ಳು. ಅದಕ್ಕೇ ಮೂರು ಅಥವಾ ನಾಲ್ಕು ತಂತಿ ಎಳೆಯುತ್ತಾರೆ, ತಂತಿಯ ಪಾಲನ್ನು ಕಳೆದು ಲೆಕ್ಕ ಹಾಕಲು.

ಡಬ್ಬಿ ಈ ಓಮ್ ಅನ್ನು ಡಿಗ್ರಿಯಾಗಿ ತಿಳಿದುಕೊಂಡು 4ರಿಂದ 20 ಮಿಲಿ ಆಂಪಿಯರ್ ಒಳಗಿನ ಒಂದು ಕರೆಂಟ್ ಆಗಿ ಕಳಿಸುತ್ತದೆ. 0ಯಿಂದಲೇ ಏಕೆ ಶುರುಮಾಡಲಿಲ್ಲ? 0 ಬಂದರೆ ತಂತಿ ಕಡಿದಿದೆ ಎಂದು ತಿಳಿಯಬೇಕಲ್ಲ, ಅದಕ್ಕೆ. ಮೌನಕ್ಕೂ ಸೊನ್ನೆಗೂ ವ್ಯತ್ಯಾಸ ಇಟ್ಟಿರುವ ಈ ಏರ್ಪಾಟು ಭಾಷೆ ಓದುವವರಿಗೆ ಇಷ್ಟವಾಗಬೇಕು ಅಂತ ನನ್ನ ನಂಬಿಕೆ. ‘ಸ್ಮಾರ್ಟ್’ ಅನ್ನುವ ವಿಶೇಷಣ ಬಂದದ್ದು 1980ರ ದಶಕದಲ್ಲಿ. ರೋಸ್‌ಮೌಂಟ್ ಕಂಪನಿ ಹಾರ್ಟ್ ಎಂಬ ಸಂವಹನ ವಿಧಾನವನ್ನು ರೂಪಿಸಿತು. ಅದೇ ಎರಡು ತಂತಿಗಳ ಮೇಲೆ, ಆ ಕರೆಂಟಿನ ಬೆನ್ನೇರಿ, 1200 ಮತ್ತು 2200 ಹರ್ಟ್ಜ್‌ನ ಎರಡು ನಾದಗಳು ಓಡುತ್ತವೆ. ಒಂದು ನಾದ ‘ಒಂದು’, ಇನ್ನೊಂದು ‘ಸೊನ್ನೆ’. ಎರಡೂ ಮನುಷ್ಯನ ಕಿವಿಗೆ ನಿಲುಕುವ ಕಂಪನಗಳೇ. ಕೈಯಲ್ಲಿ ಕಮ್ಯುನಿಕೇಟರ್ ಹಿಡಿದ ಟೆಕ್ನಿಷಿಯನ್ ಡಬ್ಬಿಯ ಜೊತೆ ಆ ನಾದಗಳಲ್ಲಿ ಮಾತಾಡಿ, ನೀನು ಯಾರು, ನಿನ್ನ ಸೆನ್ಸರ್ ಯಾವುದು, ನಿನ್ನ ವ್ಯಾಪ್ತಿ ಎಷ್ಟು ಅಂತ ಕೇಳಬಹುದು, ಬದಲಿಸಲೂಬಹುದು.

ನಾನು ಇದನ್ನೆಲ್ಲ ಕಲಿತದ್ದು ಕುಪವಾಡದ ಕೈಗಾರಿಕಾ ವಸಾಹತಿನಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ಮಾಡುವ ಬಾಲ್ಯದ ಗೆಳೆಯನ ಜೊತೆ ಎರಡು ಭಾನುವಾರ ಕೂತು. ಅವನು ಮೊದಲ ಹತ್ತು ನಿಮಿಷದಲ್ಲೇ ನನ್ನ ಒಂದು ತಪ್ಪು ತಿದ್ದಿದ. ವ್ಯಾಪ್ತಿ ಬದಲಿಸುವುದು ಕ್ಯಾಲಿಬ್ರೇಷನ್ ಅಲ್ಲ. ಹಳೆಯ ಡಬ್ಬಿಗಳಲ್ಲಿ ಸೊನ್ನೆಗೊಂದು, ಹರವಿಗೊಂದು ತಿರುಪು ಇರುತ್ತಿತ್ತು. ತಿರುಗಿಸಿದರೆ ವ್ಯಾಪ್ತಿಯೂ ಬದಲಾಗುತ್ತಿತ್ತು, ತಪ್ಪೂ ತಿದ್ದಿಕೊಳ್ಳುತ್ತಿತ್ತು, ಎರಡೂ ಒಂದೇ ಕೆಲಸ. ಸ್ಮಾರ್ಟ್ ಡಬ್ಬಿಯಲ್ಲಿ ಇವು ಬೇರೆ ಬೇರೆ. ಎಷ್ಟು ಡಿಗ್ರಿಗೆ 4, ಎಷ್ಟು ಡಿಗ್ರಿಗೆ 20 ಅಂತ ಹೇಳಿಕೊಡುವುದು ಕಾನ್ಫಿಗರೇಷನ್, ಅದು ಒಪ್ಪಂದ. ನಿಜವಾದ ಪ್ರಮಾಣದ ಎದುರು ಡಬ್ಬಿಯನ್ನು ನಿಲ್ಲಿಸಿ ಅದರ ತಿಳಿವನ್ನು ತಿದ್ದುವುದು ಟ್ರಿಮ್. ಟ್ರಿಮ್‌ನಲ್ಲೂ ಎರಡು: ಸೆನ್ಸರ್ ಕಡೆಯದು, ಅಂದರೆ ಒಳಕ್ಕೆ ಬಂದದ್ದನ್ನು ಸರಿಯಾಗಿ ಕೇಳಿಸಿಕೊಳ್ಳುವುದು, ಔಟ್‌ಪುಟ್ ಕಡೆಯದು, ಅಂದರೆ ತಿಳಿದದ್ದನ್ನು ಸರಿಯಾದ ಕರೆಂಟಾಗಿ ಹೇಳುವುದು.

ಮಾಡುವ ಕ್ರಮವನ್ನೂ ತೋರಿಸಿದ. ಪಿಟಿ100 ಬಿಚ್ಚಿ ಅದರ ಜಾಗದಲ್ಲಿ ಗೊತ್ತಿರುವ ರೋಧದ ಪೆಟ್ಟಿಗೆ ಕೂಡಿಸಿದ. ವ್ಯಾಪ್ತಿ 0–120 ಡಿಗ್ರಿ. 100 ಓಮ್ ಕೊಟ್ಟರೆ 4 ಮಿಲಿ ಆಂಪಿಯರ್ ಬರಬೇಕು; 111.67 ಓಮ್‌ಗೆ, ಅಂದರೆ 30 ಡಿಗ್ರಿಗೆ, 8, 123.24ಕ್ಕೆ 12, 134.71ಕ್ಕೆ 16, 146.07ಕ್ಕೆ 20. ಐದು ಬಿಂದು ಏರುತ್ತ, ಅದೇ ಐದು ಇಳಿಯುತ್ತ. ಮೊದಲು ಸಿಕ್ಕಿದ್ದನ್ನು ಸಿಕ್ಕಂತೆ ಬರೆದುಕೊಂಡ, ಆಮೇಲೆ ತಿದ್ದಿದ, ಆಮೇಲೆ ತಿದ್ದಿದ್ದನ್ನು ಮತ್ತೆ ಬರೆದ. ತಿದ್ದುವ ಮುಂಚಿನ ಪಾಠವನ್ನು ಅಳಿಸಬಾರದು ಅನ್ನುವುದು ಅವರ ಕಸುಬಿನ ನಿಯಮ. ನಮ್ಮ ಗ್ರಂಥಸಂಪಾದನೆಯ ತರಗತಿಯಲ್ಲಿ ಇದೇ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ! ಸೆನ್ಸರನ್ನೇ ಪರೀಕ್ಷಿಸಲು ಪುಡಿ ಮಾಡಿದ ಮಂಜುಗಡ್ಡೆಯಲ್ಲಿ ಇಟ್ಟ. ಕುದಿಯುವ ನೀರಿಗೂ ಇಡೋಣ, 100 ಬರಬೇಕಲ್ಲ ಅಂದೆ. ನಕ್ಕ. ಸಾಂಗ್ಲಿ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 98ರ ಆಸುಪಾಸಿನಲ್ಲೇ ಕುದಿಯುತ್ತದೆ. ಶಾಲೆಯ ಪುಸ್ತಕದ 100 ಕಡಲದಂಡೆಯದು.

ಹಾಗಾದರೆ ಅವನ ರೋಧದ ಪೆಟ್ಟಿಗೆ ಸರಿ ಅಂತ ಯಾರು ಹೇಳಿದರು? ಅದಕ್ಕೊಂದು ಪ್ರಮಾಣಪತ್ರ, ಆ ಪತ್ರ ಕೊಟ್ಟ ಪ್ರಯೋಗಾಲಯದ ಸಾಧನಕ್ಕೆ ಇನ್ನೊಂದು, ಹೀಗೆ ಮೇಲೆ ಮೇಲೆ ಹೋದರೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ತಾಪಮಾನಕ್ಕೆ 1990ರ ಅಂತರರಾಷ್ಟ್ರೀಯ ಮಾನಕದ ಒಂದು ಮುಖ್ಯ ಕಂಬ, ಮಂಜು, ನೀರು, ಆವಿ ಮೂರೂ ಜೊತೆಗಿರುವ ಬಿಂದು: 0.01 ಡಿಗ್ರಿ. ಇದನ್ನು ಗುರುಪರಂಪರೆ ಅಂತ ಕರೆಯುವ ಆಸೆ ನನಗೆ ಬಂದದ್ದು ನಿಜ, ಆದರೆ ಉಪಮೆ ಬೇಡ. ಯಾಕೆಂದರೆ ಸಾಂಗ್ಲಿ–ಮಿರಜ್‌ನಲ್ಲಿ ಈ ಪ್ರಶ್ನೆ, ಪ್ರಮಾಣ ಯಾರದು ಅನ್ನುವುದು, ನೂರು ವರ್ಷದ ಹಿಂದೆ ಸಂಗೀತದಲ್ಲೇ ಎದ್ದಿತ್ತು.

ಕೃಷ್ಣಾಜಿ ಬಲ್ಲಾಳ ದೇವಲ್ ಸಾಂಗ್ಲಿಯವರು, ನಿವೃತ್ತ ಡೆಪ್ಯುಟಿ ಕಲೆಕ್ಟರ್. 1910ರಲ್ಲಿ ಹಿಂದೂ ಸ್ವರಶ್ರೇಣಿ ಮತ್ತು 22 ಶ್ರುತಿಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದರು. (ಅದೇ 1910ರಲ್ಲಿ ಬೆಳಗಾವಿಯಿಂದ ಹೊರಟ ಲಕ್ಷ್ಮಣರಾವ್ ಕಿರ್ಲೋಸ್ಕರ್ ಈಗಿನ ಸಾಂಗ್ಲಿ ಜಿಲ್ಲೆಯ ಕುಂಡಲ್ ರೋಡ್ ಬಳಿ ಕಿರ್ಲೋಸ್ಕರ್‌ವಾಡಿ ಕಟ್ಟಲು ಶುರುಮಾಡಿದರು, ಬರಿಯ ಕಾಕತಾಳೀಯ, ಆದರೂ ನೆನಪಿಡಲು ಒಳ್ಳೆಯದು.) ಭರತನಿಂದ ಬಂದ 22 ಶ್ರುತಿಗಳನ್ನು ತಂತಿಯ ಉದ್ದದ ಅನುಪಾತಗಳಾಗಿ, ಕಂಪನದ ಅಂಕಿಗಳಾಗಿ ನಿಲ್ಲಿಸುವುದು ದೇವಲರ ಹಟ. ಅವರ ಬೆನ್ನಿಗೆ ನಿಂತವರು ಐಸಿಎಸ್ ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್. ಹಾಡಿ ತೋರಿಸಿದವರು ಅಬ್ದುಲ್ ಕರೀಂ ಖಾನ್: ಮುಂದೆ ಮಿರಜ್‌ನಲ್ಲಿ ನೆಲೆನಿಂತವರು, ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರು, 1937ರಲ್ಲಿ ತೀರಿಕೊಂಡ ಮೇಲೆ ಮಿರಜ್‌ನ ದರ್ಗಾದ ಆವರಣದಲ್ಲೇ ಮಣ್ಣಾದವರು. ಒಬ್ಬರ ಕಿವಿ ಮತ್ತು ಕಂಠ, ಇನ್ನೊಬ್ಬರ ಲೆಕ್ಕ. ಆ ಲೆಕ್ಕದ ಮೇಲೆ ಶ್ರುತಿ ಹಾರ್ಮೋನಿಯಂ ತಯಾರಾಯಿತು. 1916ರಲ್ಲಿ ಬರೋಡದ ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನದಲ್ಲಿ ಅದನ್ನು ಇಟ್ಟರು. ನೆರೆದ ಗಾಯಕರು, ಭಾತಖಂಡೆಯವರ ಕಡೆಯವರು, ನಾವು ಹಾಡುವ ಸ್ವರ ಇದಲ್ಲ ಅಂದರು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಯಂತ್ರದ ಸೋಲು, ಕಂಠದ ಗೆಲುವು ಅಂತ ಹೇಳುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ದೇವಲರ ಗಣಿತ ತಪ್ಪಾಗಿರಬೇಕಿಲ್ಲ. ರೀಡುಗಳು ಆ ಗಣಿತಕ್ಕೆ ಸರಿಯಾಗಿಯೇ ಕೂಡಿರಬಹುದು. ಬರೋಡದ ಗಾಯಕರ ಕಿವಿಯೂ ತಪ್ಪಲ್ಲ. ಇಬ್ಬರ ನಡುವೆ ‘ಶ್ರುತಿ’ ಅಂದರೆ ಎಷ್ಟರಿಂದ ಎಷ್ಟು ಅನ್ನುವ ಒಪ್ಪಂದವೇ ಆಗಿರಲಿಲ್ಲ. ಸಾಧನ ಟ್ರಿಮ್ ಆಗಿತ್ತು, ಕಾನ್ಫಿಗರೇಷನ್ ಕೂಡಿರಲಿಲ್ಲ.

ಮಿರಜ್‌ನ ತಂಬೂರಿ ಕಸುಬುದಾರರು ಈ ಜಗಳದಿಂದ ಹೊರಗಿದ್ದವರು. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕೆಲಸಕ್ಕೆ ತಿರುಗಿದವು. 2024ರಲ್ಲಿ ಮಿರಜ್‌ನ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಅಲ್ಲಿಯೂ ಎರಡು ಕೆಲಸ ಬೇರೆ ಬೇರೆ. ಕುದುರೆಯ ಮೇಲ್ಮೈ ಅರೆದು, ತಂತಿಯ ಕೆಳಗೆ ನೂಲೆಳೆ ಸರಿಸಿ ನಾದ ಬಿಚ್ಚಿಸುವುದು ಜವಾರಿ. (ನಮ್ಮ ಕಡೆ ಜವಾರಿ ಅಂದರೆ ನಾಟಿ ತಳಿ, ಮೊದಲ ಸಲ ಅಂಗಡಿಯಲ್ಲಿ ಆ ಮಾತು ಕೇಳಿದಾಗ ನನಗೆ ಬದನೆಕಾಯಿ ನೆನಪಾಯಿತು.) ಬಿರಡೆ ತಿರುಗಿಸಿ ಗಾಯಕನ ಷಡ್ಜಕ್ಕೆ ತರುವುದು ಶ್ರುತಿಗೂಡಿಸುವುದು. ಜವಾರಿ ಎಷ್ಟೇ ಚೆನ್ನಾಗಿರಲಿ, ಷಡ್ಜ ಯಾರದೆಂದು ಕೇಳದೆ ಕೂಡಿಸಿದ ತಂಬೂರಿ ಕಚೇರಿಗೆ ಬಾರದು. ಸ್ವರಕ್ಕೂ ತಾಪಮಾನಕ್ಕೂ ನೇರ ನಂಟಿರುವುದನ್ನೂ ಹೇಳಿಬಿಡುತ್ತೇನೆ: 1859ರಲ್ಲಿ ಫ್ರಾನ್ಸ್ ತನ್ನ ಪ್ರಮಾಣ ಸ್ವರವನ್ನು ಕಾನೂನಿನಿಂದ 435 ಕಂಪನಕ್ಕೆ ಕಟ್ಟಿದಾಗ, 15 ಡಿಗ್ರಿಯಲ್ಲಿ ಅಂತ ಸೇರಿಸಿತು. ಶ್ರುತಿಕವೆಯ ಉಕ್ಕೂ ಕಾದರೆ ಇಳಿಯುತ್ತದೆ.

ಈಗ ಡೈರಿಗೆ ಬರುತ್ತೇನೆ. 75ಗಳ ಸಾಲು ಶುರುವಾಗುವ ಹಿಂದಿನ ದಿನದ ಪುಟದಲ್ಲಿ ಅಪ್ಪ ಬರೆದಿದ್ದಾರೆ: ‘ಹೊಸ ಡಬ್ಬಿ ಕೂಡಿಸಿದರು. ಅದರ ಮ್ಯಾಲೆ 0–120 ಅಂತ ಐತಿ.’ ಸೀಸನ್‌ನ ಮೊದಲ ಪುಟದಲ್ಲಿ, ಹೊಸ ಪುಸ್ತಕ ಸಿಕ್ಕ ಉತ್ಸಾಹದಲ್ಲೋ ಏನೋ, ಕಂಟ್ರೋಲ್ ರೂಮಿನ ಎಲ್ಲ ಮೀಟರುಗಳ ಅಂಕಿಗಳನ್ನೂ ನಕಲು ಮಾಡಿಕೊಂಡಿದ್ದಾರೆ. ರಸದ ಮೊದಲ ಹೀಟರಿನ ಎದುರು: 0–100.

ಗೆಳೆಯ ಈ ಎರಡು ಪುಟ ನೋಡಿ ಪೆನ್ನು ಕೇಳಿದ. ಪಡದೆಯ ಮೇಲೆ 75 ಕಾಣಬೇಕಾದರೆ ಮೀಟರಿಗೆ 16 ಮಿಲಿ ಆಂಪಿಯರ್ ಬಂದಿರಬೇಕು: 4ರ ಮೇಲೆ 16ರ ಮುಕ್ಕಾಲು ಪಾಲು. ಹೊಸ ಡಬ್ಬಿ 16 ಕಳಿಸುವುದು ತನ್ನ ವ್ಯಾಪ್ತಿಯ ಮುಕ್ಕಾಲಿನಲ್ಲಿ, ಅಂದರೆ 90 ಡಿಗ್ರಿಯಲ್ಲಿ. ರಸ ನಿಜವಾಗಿ 75ರಲ್ಲಿದ್ದಾಗ ಪಡದೆ 62.5 ತೋರಿಸುತ್ತಿತ್ತು, ಕಡಿಮೆ ಇದೆ ಅಂತ ಉಗಿ ತೆರೆಯುತ್ತಿದ್ದರು, 75 ಕಾಣುವವರೆಗೆ. ಹನ್ನೊಂದು ದಿನ ಹುಳಿ ರಸ 90ರಲ್ಲಿ ಕಾದಿತ್ತು.

ಡಬ್ಬಿ ಕೆಟ್ಟಿರಲಿಲ್ಲ. ಅದಕ್ಕೆ ಪ್ರಮಾಣಪತ್ರ ಇತ್ತಂತೆ, ಅದು ಸರಿಯಾಗಿಯೇ ಇದ್ದಿರಬೇಕು. ಮೀಟರೂ ಕೆಟ್ಟಿರಲಿಲ್ಲ. ಮಧ್ಯದ 12 ಮಿಲಿ ಆಂಪಿಯರ್ ಕಳಿಸಿ ನೋಡಿದ್ದರೂ ಎರಡೂ ಕಡೆ ಶೇಕಡಾ 50 ಅಂತಲೇ ಬರುತ್ತಿತ್ತು. ಶೇಕಡಾ ಬಿಟ್ಟು ಡಿಗ್ರಿ ಎಷ್ಟು ಅಂತ ಎರಡೂ ತುದಿಯಲ್ಲಿ ಕೂಗಿ ಕೇಳಿದ್ದರೆ ಇಲ್ಲಿ 60, ಅಲ್ಲಿ 50 ಅಂತ ಸಿಕ್ಕಿಬೀಳುತ್ತಿತ್ತು. ಆ ಒಂದು ಕೂಗು ಆಗಲಿಲ್ಲ.

ಅಪ್ಪ ಹೇಳಿರಲಿಲ್ಲವೇ? ಹೇಳಿದ್ದರು. ಮೂರನೆಯ ದಿನದ ಪುಟದ ಅಂಚಿನಲ್ಲಿದೆ: ‘ರಸ ಸುಟ್ಟ ವಾಸನಿ ಬರಾಕತ್ತೈತಿ. ಸಾಹೇಬರಿಗೆ ಅಂದೆ. ಮೊನ್ನೆ ಕ್ಯಾಲಿಬ್ರೇಷನ್ ಆಗೇತಿ ಅಂದ್ರು.’ ಅವರ ಮೂಗಿಗೆ ಹದ ತಿಳಿದಿತ್ತು, ಅವರ ಕೈ ಮಾತ್ರ ಲಾಗ್‌ಬುಕ್ಕಿನಲ್ಲಿ 75 ಅಂತಲೇ ಬರೆಯಬೇಕಿತ್ತು, ಪಡದೆ ಹೇಳಿದ್ದು ಅದನ್ನೇ. ವಿಚಾರಣೆಯಲ್ಲಿ ಸಾಕ್ಷಿಯಾಗಿ ಬಂದದ್ದು ಲಾಗ್‌ಬುಕ್ಕು. ವಾಸನೆಯ ಅಂಚುಬರಹ ಡೈರಿಯಲ್ಲೇ, ಕನ್ನಡದಲ್ಲೇ ಉಳಿಯಿತು.

ಪ್ರಶ್ನೋತ್ತರದಲ್ಲಿ ಕ್ಯಾಲಿಬ್ರೇಷನ್‌ಗೆ ಕನ್ನಡ ಪದ ಯಾವುದು ಅಂತ ಒಬ್ಬರು ಚಾಟ್‌ನಲ್ಲಿ ಕೇಳಿದ್ದಾರೆ. ‘ಅಂಶಾಂಕನ’, ‘ಮಾಪನಾಂಕ ನಿರ್ಣಯ’ ಬಳಕೆಯಲ್ಲಿವೆ. ಎರಡನ್ನೂ ಕುಪವಾಡದಲ್ಲಿ ಯಾರ ಬಾಯಲ್ಲೂ ಕೇಳಲಿಲ್ಲ. ಅಪ್ಪನ ‘ಕೂಡಿಸು’ ನನಗೆ ಇಷ್ಟ, ಡಬ್ಬಿಗೂ ತಂಬೂರಿಗೂ ಹೊಂದುತ್ತದೆ. ಆದರೆ ಅದು ಕಾನ್ಫಿಗರೇಷನ್ ಮತ್ತು ಟ್ರಿಮ್ ಎರಡನ್ನೂ ಒಂದೇ ಮಾಡಿಬಿಡುತ್ತದೆ, ಅನಾಹುತ ಆದದ್ದೇ ಅಲ್ಲಿ. ಹಾಗಾಗಿ ಪ್ರಸ್ತಾಪ ಮಾಡುವುದಿಲ್ಲ. ಕಾರ್ಖಾನೆಗೆ ಈಗ ಈ ಲೆಕ್ಕ ಕಳಿಸುತ್ತೀರಾ ಅನ್ನುವುದು ಎರಡನೆಯ ಪ್ರಶ್ನೆ. ಅಪ್ಪ ಬೇಡ ಅಂದಿದ್ದಾರೆ. ನಿವೃತ್ತಿಯಾಗಿ ಎರಡು ವರ್ಷ ಆಯಿತು. ಹನ್ನೊಂದು ಪುಟಗಳ ನಕಲಿನಲ್ಲಿ ಪ್ರತಿ 75ರ ಪಕ್ಕಕ್ಕೆ ಪೆನ್ಸಿಲಿನಿಂದ 90 ಅಂತ ಬರೆದು ಅವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಕೊನೆಯ ಪುಟದವರೆಗೂ ನೋಡಿದರು. 74 ಇದ್ದ ಕಡೆಯೂ 90 ಹಾಕಿದ್ದೆ. ಅಲ್ಲಿ 89 ಆಗಬೇಕು ಅಂತ ತಾವೇ ಲೆಕ್ಕ ಹಾಕಿ ಒಂದು ಕಡೆ ತಿದ್ದಿದರು.